ಕಣ್ಣಿಗೆ ಬಿದ್ದ ಹೂವು

ಆ ದಿನಗಳಲ್ಲಿ ನಮ್ಮೂರಲ್ಲಿ ಬಿಳಿ ಬಣ್ಣ ಅನ್ನುವುದು ಇರಲೇ ಇಲ್ಲ. ಇದೆ ಎಂದು ನಾವು ತಿಳಿದುಕೊಂಡಿದ್ದೆವು, ಅಷ್ಟೆ. ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ನಮ್ಮೂರು. ಅದಿರು ತುಂಬಿದ ಲಾರಿಗಳು ಹಗಲಿಡೀ ಒಂದರ ಹಿಂದೊಂದು ಅಂಟಿಕೊಂಡು ಹೋಗುತ್ತಿದ್ದವು. ಮೇಲೆ ಕಟ್ಟಿದ ತಾಡಪತ್ರಿ ಗಾಳಿಗೆ ಪಟಪಟ ಹಾರುತ್ತಿತ್ತು, ಹಿಂದೆ ಕೆಂಪು ಧೂಳು ಏಳುತ್ತಿತ್ತು. ಶಾಲೆಯ ಬಿಳಿ ಅಂಗಿ, ಗುಡಿಯ ಸುಣ್ಣದ ಗೋಡೆ, ಅಜ್ಜಿಯ ತಲೆಗೂದಲು, ಎಲ್ಲಕ್ಕೂ ಒಂದೇ ಬಣ್ಣ, ಇಟ್ಟಿಗೆ ತೊಳೆದ ನೀರಿನ ಬಣ್ಣ. ಅದನ್ನೇ ನಾವು ಬಿಳಿ ಅನ್ನುತ್ತಿದ್ದೆವು. ನಮ್ಮ ಮೇಷ್ಟ್ರೂ ಹಾಗೇ ಅನ್ನುತ್ತಿದ್ದರು. "ನೀಲಮ್ಮನ ಅಂಗಿ ಎಷ್ಟು ಬೆಳ್ಳಗ ಒಗದಾರ ನೋಡ್ರಿ" ಎಂದು ಒಮ್ಮೆ ನನ್ನನ್ನು ತರಗತಿಯ ಮುಂದೆ ನಿಲ್ಲಿಸಿ ಹೊಗಳಿದ್ದರು. ಆಗ ನನಗೆ ಹತ್ತು ವರ್ಷ. ಲಾರಿಗಳು ಶುರುವಾದಾಗ ನಾನಿನ್ನೂ ಅಂಗನವಾಡಿಯಲ್ಲಿದ್ದೆ, ಅದಕ್ಕೂ ಮುಂಚಿನ ಊರು ನನಗೆ ನೆನಪಿಲ್ಲ.

ಈ ಬಿಳಿಯ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಅದೇ ವರ್ಷ ನಾನೊಂದು ತಪ್ಪು ಮಾಡಿದೆ, ಅದರ ಬುಡ ಇಲ್ಲೇ ಇದೆ. ಇಷ್ಟು ವರ್ಷಗಳಾದರೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ನನ್ನ ಮೇಲಿನ ಸಿಟ್ಟು ಅದರಲ್ಲಿ ಸ್ವಲ್ಪ, ಬೇರೆಯವರ ಮೇಲಿನದು ಬಹಳ.

ನಮ್ಮಜ್ಜಿ ಹುಲಿಗೆಮ್ಮ, ಅಪ್ಪನ ತಾಯಿ. ಊರಿಗೆಲ್ಲ ಸೊಪ್ಪು ಅರೆದುಕೊಡುವ ಅಜ್ಜಿ ಅವಳೇ. ನೆಗಡಿಯಾದರೆ ಲಕ್ಕಿ ಸೊಪ್ಪಿನ ಹಬೆ, ಕೆಮ್ಮಿಗೆ ಆಡುಸೋಗೆಯ ರಸ, ಕೂಸಿಗೆ ಹೊಟ್ಟೆನೋವು ಬಂದರೆ ತೇಯ್ದ ಬಜೆ, ಒಲೆಯ ಮುಂದೆ ಕೈ ಸುಟ್ಟುಕೊಂಡವರಿಗೆ ಲೋಳಸರ. ಕೂದಲು ಉದುರುತ್ತದೆಂದು ಅತ್ತುಕೊಂಡು ಬಂದವರಿಗೆ ಗರಗದ ಸೊಪ್ಪು ಹಾಕಿ ಕುದಿಸಿದ ಎಣ್ಣೆ. ಆ ಎಣ್ಣೆ ಕುದಿಯುವ ದಿನ ನಮ್ಮ ಓಣಿಯೆಲ್ಲ ಹಸಿ ಹುಲ್ಲು ಹುರಿದಂಥ ವಾಸನೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಲೆಯನ್ನು ಬೆರಳಲ್ಲಿ ಹೊಸಕಿ, ಮೂಸಿ, ಇದು ಇಂಥದೇ ಎಂದು ಗುರುತು ಹಿಡಿಯುತ್ತಿದ್ದಳು. ಬಣ್ಣ ಮಾತ್ರ ಮೂಸಿದರೆ ತಿಳಿಯುವುದಿಲ್ಲವಲ್ಲ, ಅದಕ್ಕೆ ನಾನಿದ್ದೆ. "ಚಿಗುರು ಕೆಂಪೈತೋ ಹಸರೈತೋ? ಕಾಯಿ ಹಳದಿ ತಿರುಗೇತೇನ?" ಎಂದು ಅವಳು ಕೇಳುವುದು, ನಾನು ನೋಡಿ ಹೇಳುವುದು. "ನನ್ನ ಕಣ್ಣು ನೀನ ಲೇ ನೀಲಿ" ಅನ್ನುತ್ತಿದ್ದಳು. ನಾನು ಪೂರಿಯ ಹಾಗೆ ಉಬ್ಬಿಹೋಗುತ್ತಿದ್ದೆ.

ಅವಳಿಗೆ ಕೆಲವು ಕಟ್ಟಳೆಗಳಿದ್ದವು. ಮದ್ದಿಗೆ ಬೇಕಾದ ಎಲೆಯನ್ನೋ ಹೂವನ್ನೋ ಹೊತ್ತು ಮೂಡುವ ಮೊದಲು, ಇಬ್ಬನಿ ಆರುವುದರೊಳಗೆ ಕೀಳಬೇಕು. ಉಗುರು ತಾಕಿಸಬಾರದು. ಎಲ್ಲಕ್ಕಿಂತ ಮುಖ್ಯ, ನೀರಲ್ಲಿ ತೊಳೆಯಬಾರದು. ಒಮ್ಮೆ ನಾನು ದೊಡ್ಡಪತ್ರೆ ಎಲೆಯನ್ನು ತಂಬಿಗೆಯಲ್ಲಿ ಅದ್ದಿದ್ದಕ್ಕೆ ಕೈ ಮೇಲೆ ಪಟ್ ಎಂದು ಹೊಡೆದಿದ್ದಳು.

"ಇಬ್ಬನ್ಯಾಗ ಅದು ಆಗ್ಲೇ ಜಳಕ ಮಾಡೇತಿ. ನೀ ಯಾಕ ಮತ್ತ ತೊಳೀತಿ? ನೀರು ಬಿದ್ರ ರಸ ಸಪ್ಪಗಾಕ್ಕತಿ."

ಮೂರು ಸಲ ಕೊಡವಿ, ಒಂದು ಸಲ ಊದಿ ಕೊಡಬೇಕು. ಅದು ಅವಳ ತಾಯಿ ಹೇಳಿಕೊಟ್ಟ ಕಟ್ಟಳೆ. ಆ ತಾಯಿಯ ಕಾಲದಲ್ಲಿ ಇಬ್ಬನಿಯೆಂದರೆ ಬರೀ ನೀರು.

ಆ ಮಾಗಿಯ ಚಳಿಯಲ್ಲಿ ನಮ್ಮತ್ತೆ ರೇಣವ್ವಳ ಮದುವೆ ಗೊತ್ತಾಯಿತು. ಅಪ್ಪನ ಕಡೆಯ ತಂಗಿ ಅವಳು, ಅಜ್ಜಿಯ ಕೊನೆಯ ಮಗಳು. ಕಂಪ್ಲಿಯ ಹುಡುಗ. "ಸ್ವಂತದ್ದು ಎರಡು ಲಾರಿ ಅದಾವ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಲಾರಿಯಲ್ಲಿ ಏನು ಹೇರುತ್ತಾರೆ ಎಂದು ಯಾರೂ ಕೇಳಲಿಲ್ಲ. ಆಗ ಲಾರಿಯೆಂದರೆ ಅದಿರು, ಅದಿರೆಂದರೆ ಲಾರಿ. ಅಪ್ಪನೂ ನಮ್ಮ ರಸ್ತೆ ಪಕ್ಕದ ಹೊಲವನ್ನು ಅದಿರು ರಾಶಿ ಹಾಕುವ ಪ್ಲಾಟಿಗೆ ಕೊಟ್ಟುಬಿಟ್ಟಿದ್ದ. ಜೋಳ ಬೆಳೆಯುತ್ತಿದ್ದ ಜಾಗದಲ್ಲಿ ಕೆಂಪು ಗುಡ್ಡ ಎದ್ದಿತ್ತು. ಹೊಸ ಬೈಕು ಬಂತು, ಹೊಸ ಟೀವಿ ಬಂತು. ಟೀವಿಯ ಮೇಲೆ ದಿನಾ ಬೆರಳಲ್ಲಿ ನಮ್ಮ ಹೆಸರು ಬರೆಯಬಹುದಾದಷ್ಟು ಧೂಳು ಬೀಳುತ್ತಿತ್ತು.

ಮದುವೆಗೆ ಮುಂಚೆ ಒಂದು ತಿಂಗಳು ಮಗಳ ಮೈಗೆ ಮುಖಕ್ಕೆ ತನ್ನ ಕೈಯಾರೆ ಆರೈಕೆ ಮಾಡಬೇಕೆಂದು ಅಜ್ಜಿಯ ಆಸೆ. ಮೊದಲು ಬೇಕಾದದ್ದು ತಂಗಡಿ ಹೂವು. ಬೇಲಿಯಲ್ಲಿ, ಬದುವಿನಲ್ಲಿ ಹಳದಿಯಾಗಿ ಬಿಡುವ ಹೂವು ಅದು, ನಮ್ಮ ಹೊಲದ ಬದುವಿನ ತುಂಬ ಇತ್ತಂತೆ. ಬದು ಈಗ ಪ್ಲಾಟಿನ ಅಡಿಯಲ್ಲಿ. ಹೊಲದಲ್ಲೇ ಉಚಿತವಾಗಿ ಸಿಗುತ್ತಿದ್ದ ಹೂವಿಗಾಗಿ ಅಜ್ಜಿ ನನ್ನನ್ನು ಕರೆದುಕೊಂಡು ಚೋರನೂರಿನ ಕಡೆಯ ಬಸ್ಸು ಹತ್ತಿದಳು. ಚೀಲ ತುಂಬ ಕಿತ್ತು ತಂದೆವು. ನೆರಳಲ್ಲಿ ಒಣಗಿಸಿ, ಹೆಸರುಕಾಳು, ಕಸ್ತೂರಿ ಅರಿಶಿನ, ಒಣಗಿದ ಕಿತ್ತಳೆ ಸಿಪ್ಪೆ ಹಾಕಿ ಒರಳಲ್ಲಿ ಕುಟ್ಟಿದೆವು. ಹಾಲಿನ ಕೆನೆಯಲ್ಲಿ ಅದನ್ನು ಕಲಸುವುದು ನನ್ನ ಕೆಲಸ. ಕಲಸುವಾಗ ಅರ್ಧ ಕೆನೆ ನನ್ನ ಹೊಟ್ಟೆಗೆ ಹೋಗುತ್ತಿತ್ತು. ಅತ್ತೆಯ ಮುಖಕ್ಕೆ ಹಚ್ಚಿದ ಮೇಲೆ ಅವಳು ನಗಬಾರದು, ನಕ್ಕರೆ ಲೇಪ ಬಿರಿಯುತ್ತದೆ. ನಾನು ಎದುರಿಗೆ ಕೂತು ಕೋತಿಯ ಹಾಗೆ ಹಲ್ಲು ಕಿರಿಯುತ್ತಿದ್ದೆ. "ಅವ್ವಾ, ಈಕಿನ ಒಯ್ಯಬೇ ಆಚಿಗೆ" ಎಂದು ಅತ್ತೆ ತುಟಿ ಅಲ್ಲಾಡಿಸದೆ ಕೂಗುತ್ತಿದ್ದಳು.

ತಲೆಗೆ ದಾಸವಾಳದ ಎಲೆಯ ಲೋಳೆ, ನೆನೆಸಿದ ಮೆಂತೆ, ಆಮೇಲೆ ಸೀಗೆಪುಡಿ. ಕೈಗೆ ಹುಣಸೆ ರಸ ಹಿಂಡಿ ಅರೆದ ಗೋರಂಟಿ. ಜಳಕದ ಮನೆಯಲ್ಲಿ ಅತ್ತೆಯ ಮುಖ ತೊಳೆದ ನೀರನ್ನು ನಾನು ನೋಡುತ್ತಿದ್ದೆ. ಹಚ್ಚಿದ್ದು ಹಳದಿ, ಇಳಿಯುತ್ತಿದ್ದುದು ಕೆಂಪು. ಅದೂ ನನಗೆ ವಿಚಿತ್ರ ಅನ್ನಿಸುತ್ತಿರಲಿಲ್ಲ. ನಮ್ಮೂರಲ್ಲಿ ಯಾರು ಮುಖ ತೊಳೆದರೂ ನೀರು ಕೆಂಪೇ.

ಹುಡುಗಿಯರಿಗೆ ಆ ಧೂಳೇ ಒಂದು ಆಟವಾಗಿತ್ತು. ಲಾರಿಯಿಂದ ಬಿದ್ದ ಅದಿರಿನ ಪುಡಿಯನ್ನು ಬಾಟಲಿ ಮುಚ್ಚಳದಲ್ಲಿ ಕಲಸಿ ತುಟಿಗೆ, ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದೆವು. ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು. ಒಮ್ಮೆ ಗೆಳತಿಯರ ಜೊತೆ ಹಾಗೇ ಮನೆಗೆ ಬಂದಾಗ ಅಜ್ಜಿ ನನ್ನ ಕೆನ್ನೆ ಮುಟ್ಟಿ ನೋಡಿ, ಸೆರಗಿನಿಂದ ಚರ್ಮ ಕಿತ್ತುಬರುವ ಹಾಗೆ ಉಜ್ಜಿದಳು. "ಇದು ಕಬ್ಬಿಣ ಲೇ! ಹೊಟ್ಟ್ಯಾಗ ಇರೋ ಕಬ್ಬಿಣಾನ ಭೂಮಿ ಮಾರಿಗೆ ಬಡಕೊಂಡೈತೇನ? ನಿಮಗ ಯಾಕ ಬೇಕ?" ಎಂದು ಬೈದಳು. ನಾವು ನಕ್ಕೆವು.

ಮದುವೆಗೆ ಹತ್ತು ದಿನವಿತ್ತು, ಅತ್ತೆಯ ಎಡಗಣ್ಣು ಕೆಂಪಾಯಿತು. ಕೆಂಪು ಕಣ್ಣು ಊರಲ್ಲಿ ಯಾರಿಗಿರಲಿಲ್ಲ? ಆದರೆ ಮದುಮಗಳ ಕಣ್ಣು. ಅತ್ತೆ ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಹೊಸಪೇಟೆಗೆ ಹೋಗಿ ತೋರಿಸೋಣವೇ ಎಂದು ಅವಳು ಕೇಳಿದರೆ ಅಪ್ಪ ಬೈಕು ಒರೆಸುತ್ತಲೇ ಹೇಳಿದ, "ಅವ್ವ ಅದಾಳಲ್ಲ, ಆಕಿಗಿಂತ ದೊಡ್ಡ ಡಾಕ್ಟರು ಯಾರದಾರ?" ಈ ಮಾತನ್ನು ನೆನಪಿಡಿ.

ಅಜ್ಜಿಯ ಹತ್ತಿರ ಕಣ್ಣಿಗೆ ಒಂದೇ ಮದ್ದು, ನಂದಿಬಟ್ಟಲ ಹೂವು. ಬಚ್ಚಲ ಹಿಂದೆ ಆಳೆತ್ತರದ ಗಿಡವಿತ್ತು. ಎಸಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಎರಡು ಹನಿ ಕಣ್ಣಿಗೆ ಬಿಡುವುದು. ತಣ್ಣಗಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ನನ್ನನ್ನು ಎಬ್ಬಿಸಿದಳು. ನಡುಗುತ್ತ ಹೋಗಿ ಹೂವು ಕಿತ್ತೆ. ಎಸಳುಗಳೆಲ್ಲ ಒದ್ದೆ. ಮೂರು ಸಲ ಕೊಡವಿದೆ, ಒಂದು ಸಲ ಊದಿದೆ. ಒದ್ದೆ ಎಸಳಿಗೆ ಅಂಟಿಕೊಂಡದ್ದು ಕೊಡವಿದರೆ ಬೀಳುವುದಿಲ್ಲ, ಊದಿದರೆ ಹಾರುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲ.

ಅಜ್ಜಿ ಹೂವನ್ನು ಮೂಗಿನ ಹತ್ತಿರ ಹಿಡಿದಳು.

"ಬೆಳ್ಳಗದಾವೇನ?"

"ಹೂಂ, ಬೆಳ್ಳಗದಾವ."

"ಮಣ್ಣು ವಾಸನಿ ಹೊಡೀತೈತಲ್ಲ?"

"ಇಬ್ಬನಿ ಬಿದ್ದೈತಲ್ಲಜ್ಜಿ, ಅದಕ್ಕ."

"ಮತ್ತೊಮ್ಮಿ ನೋಡು. ಬೆಳ್ಳಗ ಅದಾವೋ ಇಲ್ಲೋ?"

ನಾನು ಮತ್ತೊಮ್ಮೆ ನೋಡಿದೆ. ದೇವರಾಣೆಗೂ ನೋಡಿದೆ. ನನ್ನ ಶಾಲೆಯ ಅಂಗಿಯಷ್ಟೇ ಬೆಳ್ಳಗಿದ್ದವು. "ಭಾಳ ಬೆಳ್ಳಗದಾವ" ಎಂದೆ.

ಅಜ್ಜನ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಹಿಂಡಿದೆವು. ಅಜ್ಜಿಗೆ ಕಾಣದ್ದರಿಂದ ಹನಿ ಬಿಟ್ಟವಳು ನಾನೇ. ಅತ್ತೆ ಹೌಹಾರಿ ಎದ್ದು ಕೂತಳು. "ಉರೀತೈತಿ ಅವ್ವಾ!" ಎಂದು ಕೂಗಿದಳು. ಉರಿದರೆ ಮದ್ದು ಹತ್ತುತ್ತಿದೆ ಎಂದು ಅಜ್ಜಿ ಸಮಾಧಾನ ಮಾಡಿದಳು. ಉರಿಗೆ ಅತ್ತೆ ಕಣ್ಣು ಉಜ್ಜಿಕೊಂಡಳು. ಮರುದಿನವೂ ಬಿಟ್ಟೆ. ಅದರ ಮರುದಿನವೂ ಬಿಟ್ಟೆ. ನಾಲ್ಕನೆಯ ಬೆಳಗ್ಗೆ ಕಣ್ಣು ತೆರೆಯಲು ಬರಲಿಲ್ಲ. ಕೀವು ಸೋರುತ್ತಿತ್ತು.

ಆಗ ಹೊಸಪೇಟೆಗೆ ಹೊರಟೆವು. ಬಸ್ಸಿನಲ್ಲಿ ಬಹಳ ಹೊತ್ತಿನ ದಾರಿಯೇನಲ್ಲ. ಆದರೆ ಮುಂದೆ ಎಲ್ಲೋ ಲಾರಿಯೊಂದು ಕೆಟ್ಟು ನಿಂತಿತ್ತು, ಅದರ ಹಿಂದೆ ಕಣ್ಣು ಹಾಯುವವರೆಗೆ ಲಾರಿ. ಅತ್ತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ಚಾಲಕರು ಕೆಳಗಿಳಿದು ಬೀಡಿ ಸೇದುತ್ತ ನಗುತ್ತಿದ್ದರು. ಇಡೀ ಬೆಳಗು ಅಲ್ಲೇ ಹೋಯಿತು. ಆ ಬೆಳಗಿನ ಲೆಕ್ಕವನ್ನು ಯಾರ ಹತ್ತಿರ ಕೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಣ್ಣಿನ ಡಾಕ್ಟರು ಲೈಟು ಹಾಕಿ ನೋಡಿದರು.

"ಏನು ಹಾಕಿದ್ರಿ ಇದಕ್ಕ?"

"ಹೂವಿನ ರಸ್ರಿ" ಎಂದಳು ಅಜ್ಜಿ.

"ಎಷ್ಟು ಬಡಕೊಂಡ್ರೂ ನಿಮಗ ಬುದ್ಧಿ ಬರೂದಿಲ್ಲ ನೋಡ್ರಿ. ನಿಮ್ಮ ಕೈಯಾರ ಮಗಳ ಕಣ್ಣು ಕಳದ್ರಿ. ಹುಣ್ಣಾಗೇತಿ. ವಾಸಿ ಆಗ್ತೈತಿ, ಆದ್ರ ಕಪ್ಪುಗುಡ್ಡಿ ಮ್ಯಾಲೆ ಹೂವು ಉಳೀತೈತಿ."

ಕಣ್ಣಿನ ಗುಡ್ಡೆಯ ಮೇಲೆ ಉಳಿಯುವ ಬಿಳಿ ಮಚ್ಚೆಗೆ ನಮ್ಮಲ್ಲಿ ಹೂವು ಎಂದೇ ಹೇಳುತ್ತಾರೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ಸಿಕ್ಕಿದ್ದನ್ನೆಲ್ಲ ಕಣ್ಣಿಗೆ ಹಾಕಬಾರದು, ಇವತ್ತು ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವರ ಬೆನ್ನ ಹಿಂದಿನ ಕಿಟಕಿಯ ಗಾಜಿನ ಮೇಲೆ ಬೆರಳಗಲ ಕೆಂಪು ಧೂಳು ಕೂತಿತ್ತು. ಹೂವಿನ ಬಗ್ಗೆ ಅಷ್ಟು ಬೈದ ಆ ಮನುಷ್ಯನ ಬಾಯಿಂದ ಅದರ ಬಗ್ಗೆ ಒಂದು ಮಾತು ಬರಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ನೀಲಿ ಕಾಗದದ ಸುರುಳಿ ಬಿಚ್ಚಿ ಹತ್ತಿ ತೆಗೆದರು. ನಾನು ಅದನ್ನು ನೋಡಿದೆ. ಆ ಬಣ್ಣಕ್ಕೆ ಏನು ಹೆಸರು ಎಂದು ನನಗೆ ಒಂದು ಗಳಿಗೆ ಹೊಳೆಯಲಿಲ್ಲ. ಕಣ್ಣಿಗೆ ಚುಚ್ಚುವ ಹಾಗಿತ್ತು. ನನ್ನ ಅಂಗಿಯ ತೋಳನ್ನು ನೋಡಿಕೊಂಡೆ, ಮತ್ತೆ ಹತ್ತಿಯನ್ನು ನೋಡಿದೆ.

ಮನೆಗೆ ಬಂದ ಮರುದಿನ ಅಜ್ಜಿ ನನ್ನನ್ನು ಬಚ್ಚಲ ಹಿಂದೆ ಕರೆದಳು. ಕಣ್ಣು ಒರೆಸಲು ಕೊಟ್ಟಿದ್ದ ಹತ್ತಿಯಲ್ಲಿ ಒಂದು ತುಂಡು ಅವಳ ಮುಷ್ಟಿಯಲ್ಲಿತ್ತು. ಗಿಡದಿಂದ ಒಂದು ಹೂವು ಕಿತ್ತು ಹತ್ತಿಯ ಪಕ್ಕಕ್ಕೆ ಹಿಡಿದಳು. ಅವಳ ಮುಖ ಬೇರೆ ದಿಕ್ಕಿಗಿತ್ತು.

"ಈಗ ನೋಡಿ ಹೇಳು. ಬೆಳ್ಳಗೈತೇನ?"

ನನಗೆ ಅಳು ಒತ್ತರಿಸಿ ಬಂತು. "ಇಲ್ಲಜ್ಜಿ. ಕೆಂಪೈತಿ. ಎಲ್ಲಾ ಕೆಂಪದಾವ" ಎಂದೆ.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹೂವನ್ನು ಗಿಡದ ಬುಡಕ್ಕೆ ಹಾಕಿದಳು.

"ನೀ ಸುಳ್ಳು ಹೇಳಿಲ್ಲ ಲೇ. ಬೆಳ್ಳಗಂದ್ರ ಹೆಂಗಿರ್ತೈತಂತ ನಿನಗ ಯಾರೂ ತೋರ್ಸೇ ಇಲ್ಲ" ಎಂದಳು.

ಒಳಗೆ ಹೋಗಿ, ಸೊಪ್ಪು ಅರೆಯುವ ಕಲ್ಲನ್ನು ಎರಡೂ ಕೈಯಲ್ಲಿ ಹೊತ್ತು ತಂದು ಹಿತ್ತಲಲ್ಲಿ ಬೋರಲು ಹಾಕಿದಳು. ಆಮೇಲೆ ಅವಳು ಅದನ್ನು ಮುಟ್ಟಲಿಲ್ಲ.

ಕಂಪ್ಲಿಯವರು ಬಂದರು. ಹುಡುಗನ ತಾಯಿ ಅತ್ತೆಯ ಗದ್ದ ಹಿಡಿದೆತ್ತಿ, ಕಣ್ಣನ್ನು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು. "ಹುಡುಗಿ ಛಲೋ ಅದಾಳ್ರಿ, ಆದ್ರ ಮಂದಿ ಏನಂತಾರ" ಎಂದಳು, ಎಲ್ಲರೂ ಎದ್ದು ಹೋದರು. ಹುಡುಗ ಒಳಗೂ ಬರಲಿಲ್ಲ, ಹೊರಗೆ ಲಾರಿಯಲ್ಲೇ ಕೂತಿದ್ದ. ಲಾರಿ ತಿರುಗಿಸಿಕೊಂಡು ಹೋಗುವಾಗ ನಮ್ಮ ಅಂಗಳದ ತುಂಬ ಧೂಳು ಎಬ್ಬಿಸಿಯೇ ಹೋದ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು, ಅಳಲಿಲ್ಲ.

"ಅವನ ಲಾರಿ ಧೂಳು ನನ್ನ ಕಣ್ಣಾಗ ಇರಬೌದಂತ, ನಾ ಅವನ ಮನ್ಯಾಗ ಇರಬಾರ್ದಂತ" ಎಂದಳು.

ಊರು ಏನಂದಿತು? ಹುಲಿಗೆಮ್ಮ ಮಗಳ ಕಣ್ಣು ತೆಗೆದಳು ಅಂದಿತು. ಅವಳ ಬಜೆ ನೆಕ್ಕಿ ಬದುಕಿದವರೇ ಅಂದರು. ಆಕಿಗಿಂತ ದೊಡ್ಡ ಡಾಕ್ಟರು ಯಾರದಾರ ಎಂದಿದ್ದ ನಮ್ಮಪ್ಪನೇ, "ಈ ಮುದುಕಿ ಸೊಪ್ಪು ಸದಿ ಹಾಕಿ ಮನಿ ಹಾಳ ಮಾಡಿದ್ಲು" ಎಂದು ಬಂದವರೆದುರು ಹೇಳಿದ. ಹೊಲವನ್ನು ಪ್ಲಾಟಿಗೆ ಕೊಟ್ಟವನು ತಾನು ಎಂಬುದು ಅವನ ನಾಲಿಗೆಗೆ ಬರಲೇ ಇಲ್ಲ. ಅಜ್ಜಿ ಒಂದೇ ಒಂದು ಸಲವೂ "ಹೂವು ಕೆಂಪಾಗಿತ್ತು, ನೀಲಿ ಬೆಳ್ಳಗೈತಿ ಅಂದ್ಲು" ಎಂದು ಬಾಯಿ ಬಿಡಲಿಲ್ಲ. ಎಲ್ಲವನ್ನೂ ತನ್ನ ತಲೆಯ ಮೇಲೇ ಹಾಕಿಕೊಂಡಳು. ನಾನು ಹತ್ತು ವರ್ಷದವಳು, ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಆ ಸುಮ್ಮನಿರುವಿಕೆಗೆ ನನ್ನನ್ನು ನಾನು ಕ್ಷಮಿಸಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬೇಸಿಗೆಯಲ್ಲಿ ಪ್ಲಾಟಿನವರು ನಮ್ಮ ಶಾಲೆಯಲ್ಲಿ ಉಚಿತ ಕಣ್ಣು ತಪಾಸಣೆ ಇಟ್ಟರು. ಶಾಮಿಯಾನ, ಮೈಕು, ಎಲ್ಲರಿಗೂ ಉಪ್ಪಿಟ್ಟು. ಶರಟಿಗೆ ಇಸ್ತ್ರಿ ಮಾಡಿಕೊಂಡು ಬಂದಿದ್ದ ಒಬ್ಬ ಮ್ಯಾನೇಜರು ಮೈಕು ಹಿಡಿದು, ಹಳ್ಳಿಯ ತಾಯಂದಿರು ಕಣ್ಣಿಗೆ ಸೊಪ್ಪಿನ ರಸ ಹಾಕಬಾರದು, ಈ ಊರಲ್ಲೇ ಒಬ್ಬ ಹೆಣ್ಣುಮಗಳ ಕಣ್ಣು ಹೋಗಿದೆ, ಅಜ್ಞಾನ ಎಂದರೆ ಇದೇ ಎಂದು ಭಾಷಣ ಮಾಡಿದ. ಅವನು ಮಾತಾಡುತ್ತಿರುವಾಗಲೇ ಹಿಂದೆ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು, ಉಪ್ಪಿಟ್ಟಿನ ಮೇಲೆ ಧೂಳು ಇಳಿಯುತ್ತಿತ್ತು, ಜನ ಕೈ ಅಡ್ಡ ಹಿಡಿದು ತಿನ್ನುತ್ತಿದ್ದರು. ಕೊನೆಗೆ ಚಪ್ಪಾಳೆ ತಟ್ಟಿದರು. ಕಣ್ಣಿಗೆ ಮಣ್ಣೆರಚುವುದು ಎಂಬ ಮಾತನ್ನು ನಾವು ಮೋಸ ಮಾಡುವುದಕ್ಕೆ ಬಳಸುತ್ತೇವೆ. ಅವತ್ತು ನಾನು ಅದನ್ನು ಎರಡೂ ಅರ್ಥದಲ್ಲಿ ಕಣ್ಣಾರೆ ಕಂಡೆ. ಅಜ್ಜಿ ಜನರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡಳು.

ಗಣಿ ನಿಂತು, ಲಾರಿ ಕಡಿಮೆಯಾಗಿ, ಪ್ಲಾಟು ಖಾಲಿಯಾಯಿತು. ಆ ನೆಲದಲ್ಲಿ ಇವತ್ತಿಗೂ ಜೋಳ ಸರಿಯಾಗಿ ಏಳುವುದಿಲ್ಲ. ಗಿಡಗಳು ಮಾತ್ರ ಮಳೆಗೆ ಮೈ ತೊಳೆದುಕೊಂಡು ನಿಂತಿವೆ. ಆದರೆ ಯಾವುದು ಯಾವುದಕ್ಕೆ ಎಂದು ಹೇಳುವವರಿಲ್ಲ. ಅಜ್ಜಿ ಕೈಯಲ್ಲಿ ಹೊಸಕಿ ಮೂಸುತ್ತಿದ್ದ ಎಲೆಗಳಲ್ಲಿ ಅರ್ಧದ ಹೆಸರು ನನಗೆ ಗೊತ್ತಿಲ್ಲ. ಕೇಳಿ ಕಲಿಯುವ ವಯಸ್ಸಿನಲ್ಲಿ ನನಗೆ ಕೇಳಲು ಮುಖವಿರಲಿಲ್ಲ, ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಈಗ ನಾನಿರುವ ಹೊಸಪೇಟೆಯಲ್ಲಿ ನನ್ನ ಮಗಳು ತಂಗಡಿ ಹೂವಿನ ಚಿತ್ರವಿರುವ ಮುಖಲೇಪದ ಪೊಟ್ಟಣ ಕೊಂಡು ತರುತ್ತಾಳೆ. ಮೂಸಿ ನೋಡಿದೆ, ಸೋಪಿನ ವಾಸನೆ. ನಮ್ಮ ಬದುವನ್ನು ಕಿತ್ತುಕೊಂಡವರೂ ಈ ಪೊಟ್ಟಣ ಮಾರುವವರೂ ಬೇರೆ ಬೇರೆ ಜನ ಇರಬಹುದು, ನನಗಂತೂ ಇಬ್ಬರ ಮೇಲೂ ಸಿಟ್ಟೇ.

ಅತ್ತೆ ಈಗ ಮಲಪನಗುಡಿಯಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಬಟ್ಟೆ ಹೊಲಿಯುತ್ತಾಳೆ. ಒಂದೇ ಕಣ್ಣಿನಲ್ಲಿ ಹೊಲಿದ ರವಿಕೆಗೆ ಊರೆಲ್ಲ ಸಾಲು ನಿಲ್ಲುತ್ತದೆ. ಸೂಜಿಗೆ ದಾರ ಪೋಣಿಸುವುದು ಮಾತ್ರ ಅವಳಿಗೆ ಕಷ್ಟ, ನಾನು ಹೋದಾಗಲೆಲ್ಲ ಹತ್ತಿಪ್ಪತ್ತು ಸೂಜಿಗೆ ಪೋಣಿಸಿಟ್ಟು ಬರುತ್ತೇನೆ. ಕಳೆದ ಚಳಿಗಾಲ ಹೋದಾಗ ಅವಳ ಹಿತ್ತಲಲ್ಲಿ ನಂದಿಬಟ್ಟಲು ಗಿಡ ತುಂಬ ಹೂವು ಬಿಟ್ಟಿತ್ತು. ಎಲ್ಲಿಂದ ತಂದು ನೆಟ್ಟಳೋ ನಾನು ಕೇಳಲಿಲ್ಲ. ಬೆಳಗಿನ ಇಬ್ಬನಿ ಬಿದ್ದಿತ್ತು. ನರ್ಸಮ್ಮನ ಹತ್ತಿಯಷ್ಟೇ ಬಿಳುಪು. ಅಂದು ಅಜ್ಜಿ ಕೇಳಿದ್ದ ಬಿಳುಪು ಇದೇ. ನಾನು ಕೈ ಚಾಚಿದವಳು ಕೀಳಲಾರದೆ ನಿಂತುಬಿಟ್ಟೆ.

ಅತ್ತೆ ಹಿಂದಿನಿಂದ ಬಂದಳು. "ಯಾಕಬೇ, ಹೂವು ಬೆಳ್ಳಗದಾವೇನ?" ಎಂದು ಅಜ್ಜಿಯ ದನಿಯಲ್ಲೇ ಕೇಳಿದಳು.

ಅವಳು ನನ್ನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಎಡಗಣ್ಣಿನ ಕಪ್ಪುಗುಡ್ಡೆಯ ಮೇಲೆ ಆ ಬಿಳಿ ಮಚ್ಚೆ, ಡಾಕ್ಟರು ಹೇಳಿದ್ದ ಹೂವು, ಹಾಗೇ ಇತ್ತು.

"ಇಲ್ಲಿ ನೋಡ್ಲೇ ನೀಲಿ" ಎಂದು ನಕ್ಕಳು. "ಆವಾಗ ನಮ್ಮೂರಾಗ ಅರಳಿದ್ದರಾಗ ಧೂಳು ಹತ್ತದ ಹೂವಂದ್ರ ಇದೊಂದ."

ಅವಳು ಇನ್ನೂ ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಬರುವುದೂ ಬೇಡ.